ಹಾಕಿದ್ದೆಲ್ಲ ಖರ್ಚಾಗುತ್ತಾ?

ಪ್ರಶ್ನೆ: ಸರ್, ಲ್ಯಾಬ್‌ನಲ್ಲಿ ಫೆರಿಕ್ ನೈಟ್ರೇಟ್‌ಗೆ ಪೊಟ್ಯಾಸಿಯಂ ಥಯೋಸಯನೇಟ್ ಬೆರೆಸಿದೆವು, ರಕ್ತದಂಥ ಕೆಂಪು ಬಂತು. ಇನ್ನೂ ನಾಲ್ಕು ಹನಿ ಥಯೋಸಯನೇಟ್ ಹಾಕಿದಾಗ ಬಣ್ಣ ಮತ್ತಷ್ಟು ಗಾಢವಾಯಿತು. ಈಕ್ವಿಲಿಬ್ರಿಯಂ (ಸಮತೋಲನ) ಬಲಕ್ಕೆ, ಅಂದರೆ ಉತ್ಪನ್ನದ ಕಡೆಗೆ ಸರಿಯಿತು ಅಂತ ರೆಕಾರ್ಡ್‌ನಲ್ಲಿ ಬರೆದೆ. ಹಾಗಾದರೆ ಕೆ (ಸಮತೋಲನ ಸ್ಥಿರಾಂಕ) ಬೆಲೆ ಜಾಸ್ತಿ ಆಯ್ತು ಅಲ್ವಾ? ನಾವು ಹಾಕಿದ್ದೆಲ್ಲ ಖರ್ಚಾಗಿಬಿಡುತ್ತಾ?
– ಪಿಯುಸಿ ವಿದ್ಯಾರ್ಥಿನಿ, ಸೇಡಂ

ಉತ್ತರ: ಎರಡೂ ಇಲ್ಲ ತಂಗಿ. ಕೆ ಬದಲಾಗಲಿಲ್ಲ, ಹಾಕಿದ್ದೆಲ್ಲ ಖರ್ಚೂ ಆಗಲಿಲ್ಲ.

ನೀನು ಹನಿ ಹಾಕುವ ಮೊದಲೂ ಟ್ಯೂಬ್ ಒಳಗೆ ಕೆಲಸ ನಡೆದೇ ಇತ್ತು. ಕಬ್ಬಿಣದ ಅಯಾನು, ಥಯೋಸಯನೇಟ್ ಅಯಾನು ಸೇರಿ ಕೆಂಪು ಅಯಾನು ಆಗುತ್ತಿತ್ತು, ಅದೇ ವೇಗದಲ್ಲಿ ಕೆಂಪು ಒಡೆದು ವಾಪಸ್ ಬರುತ್ತಿತ್ತು. ನೀನು ಥಯೋಸಯನೇಟ್ ಹಾಕಿದ ಕ್ಷಣ ಆ ಎರಡರ ಡಿಕ್ಕಿಗಳು ಜಾಸ್ತಿಯಾದವು, ಆದರೆ ಕೆಂಪು ಅಯಾನು ಇನ್ನೂ ಹಳೆಯಷ್ಟೇ ಇದೆ, ಹಾಗಾಗಿ ಒಡೆಯುವ ವೇಗ ಹಳೆಯದೇ. ಮುಂದಕ್ಕೆ ಜೋರು, ಹಿಂದಕ್ಕೆ ನಿಧಾನ. ಕೆಂಪು ಕೂಡುತ್ತಾ ಹೋಗುತ್ತದೆ, ಕೂಡಿದಷ್ಟೂ ಒಡೆಯುವುದೂ ಹೆಚ್ಚುತ್ತದೆ, ಈ ಕಡೆ ಬಿಡಿ ಕಬ್ಬಿಣ ಕಡಿಮೆಯಾಗಿ ಮುಂದಿನ ವೇಗ ಇಳಿಯುತ್ತದೆ. ಎರಡೂ ಮತ್ತೆ ಸಮ ಆದಲ್ಲಿ ನಿಲ್ಲುತ್ತದೆ. ಇಷ್ಟೇ ನೋಡು. ಲೆ ಶಾಟೆಲಿಯೆ ಎಂಬ ಫ್ರೆಂಚ್ ವಿಜ್ಞಾನಿ 1884ರಲ್ಲಿ ಹೇಳಿದ ತತ್ವ ಯಾವ ಕಡೆಗೆ ಸರಿಯುತ್ತದೆ ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಮಕ್ಕಳು ಅದನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿ ಅಲ್ಲೇ ನಿಂತುಬಿಡುತ್ತಾರೆ.

ಈಗ ಎಷ್ಟು ಖರ್ಚಾಗುತ್ತದೆ ನೋಡೋಣ. ಇದಕ್ಕೆ ಅಸಿಟಿಕ್ ಆಮ್ಲ, ಎಥನಾಲ್ ಸೇರಿ ಎಸ್ಟರ್ ಮತ್ತು ನೀರು ಆಗುವ ಕ್ರಿಯೆ ಒಳ್ಳೇದು, ಯಾಕಂದರೆ ಅದರ ಕೆ ಸುಮಾರು 4, ಲೆಕ್ಕ ಸಲೀಸು. ಎರಡೂ 1 ಮೋಲ್ ತಗೊಂಡರೆ 0.67 ಮೋಲ್ ಎಸ್ಟರ್ ಆಗಿ ನಿಲ್ಲುತ್ತದೆ. ಎಥನಾಲ್ 2 ಮೋಲ್ ಮಾಡು, ಎಸ್ಟರ್ ಸುಮಾರು 0.85 ಮೋಲ್‌ಗೆ ಏರುತ್ತದೆ. ಏರಿತು ನಿಜ, ಆದರೆ ಹೊಸದಾಗಿ ಹಾಕಿದ ಇಡೀ 1 ಮೋಲ್ ಎಥನಾಲ್‌ಗೆ ಹೆಚ್ಚುವರಿ ಎಸ್ಟರ್ ಬಂದದ್ದು ಬರೀ 0.18! ಮಿಕ್ಕಿದ 0.82 ಮೋಲ್ ಸುಮ್ನೆ ಉಳಿದಿದೆ. ಮೊದಲು ಉಳಿದಿದ್ದ ಎಥನಾಲ್ 0.33, ಈಗ 1.15. ಅಂದರೆ ಯಾವುದನ್ನು ಹೆಚ್ಚಿಗೆ ಹಾಕಿದೆಯೋ ಅದು ಕೊನೆಗೂ ಮೊದಲಿಗಿಂತ ಜಾಸ್ತಿಯೇ ಇರುತ್ತದೆ. ಎಥನಾಲ್ 10 ಮೋಲ್ ಸುರಿದರೂ ಎಸ್ಟರ್ ಸುಮಾರು 0.974ಕ್ಕೆ ನಿಲ್ಲುತ್ತದೆ, ಪೂರ್ತಿ 1 ಆಗುವುದಿಲ್ಲ. ಮೂರೂ ಸಲ ಉತ್ಪನ್ನಗಳ ಗುಣಲಬ್ಧವನ್ನು ಪ್ರತಿವರ್ತಕಗಳ ಗುಣಲಬ್ಧದಿಂದ ಭಾಗಿಸು, ಸುಮಾರು ಅದೇ 4 ಬರುತ್ತದೆ, ಅದೇ ಕೆ. ನೋಟ್‌ಬುಕ್ ತೆಗೆದು ಒಮ್ಮೆ ಮಾಡೇ ನೋಡು, ನನ್ನ ಮಾತು ನಂಬಬೇಡ.

ಕೆ ಬದಲಾಗುವುದು ಉಷ್ಣತೆಯಿಂದ ಮಾತ್ರ. ನಿನ್ನ ಕೆಂಪು ದ್ರಾವಣವನ್ನು ಬಿಸಿ ಮಾಡಿದರೆ ಬಣ್ಣ ತಿಳಿಯಾಗುತ್ತದೆ, ಅಂದರೆ ಕೆಂಪು ಅಯಾನು ಕಡಿಮೆಯಾಗುತ್ತದೆ, ಹಾಗಾಗಿ ಮೇ ತಿಂಗಳ ನಮ್ಮ ಕಲಬುರಗಿ ಬಿಸಿಲಲ್ಲಿ, ಫ್ಯಾನ್ ಕೂಡ ಬಿಸಿ ಗಾಳಿ ಬೀಸುವ ಲ್ಯಾಬ್‌ನಲ್ಲಿ, ಕೆ ಜನವರಿಗಿಂತ ತುಸು ಕಡಿಮೆಯೇ ಸಿಗಬೇಕು.

ಇನ್ನೊಂದು, ಪ್ರಾಕ್ಟಿಕಲ್‌ಗೆ ಬೇಕಾದದ್ದು. ನೀರು ಸೇರಿದರೂ ಬಣ್ಣ ತಿಳಿಯಾಗುತ್ತದೆ, ಆದ್ದರಿಂದ ತೆಳು ದ್ರಾವಣವನ್ನು ಸುರಿಯಬೇಡ, ಗಟ್ಟಿ ದ್ರಾವಣದ ಹನಿ ಹಾಕು. ಪಕ್ಕದ ಟ್ಯೂಬ್‌ಗೆ ಅಷ್ಟೇ ಹನಿ ಬರೀ ನೀರು ಹಾಕಿಟ್ಟುಕೊ. ಎರಡನ್ನೂ ಬಿಳಿ ಹಾಳೆ ಮೇಲೆ ಹಿಡಿದು ಮೇಲಿನಿಂದ ನೋಡು, ವ್ಯತ್ಯಾಸ ಎದ್ದು ಕಾಣುತ್ತದೆ. ಆಕ್ಸಾಲಿಕ್ ಆಮ್ಲ ಹಾಕಿದರೆ ಅದು ಬಿಡಿ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ಕೆಂಪು ಒಡೆದು ಆ ಜಾಗ ತುಂಬಲು ಹೋಗುತ್ತದೆ, ಬಣ್ಣ ಇಳಿಯುತ್ತದೆ. ಅದನ್ನೂ ಮಾಡು.

ಪ್ರಶ್ನೆ: ಹಾಗಾದರೆ ಸುಣ್ಣದ ಭಟ್ಟಿಗೆ ಕಲ್ಲು ಜಾಸ್ತಿ ತುಂಬಿದರೆ ಸಮತೋಲನ ಸುಣ್ಣದ ಕಡೆಗೆ ಸರಿಯಬೇಕಲ್ಲ?
– ಓದುಗರು, ಶಹಾಬಾದ್

ಉತ್ತರ: ಕಲ್ಲಿನ ಊರಿನವರು ಕೇಳಲೇಬೇಕಾದ ಪ್ರಶ್ನೆ ಬಿಡಿ. ಸರಿಯುವುದಿಲ್ಲ. ಸುಣ್ಣದ ಕಲ್ಲು ಕಾದರೆ ಸುಣ್ಣ ಮತ್ತು ಕಾರ್ಬನ್ ಡೈ ಆಕ್ಸೈಡ್ ಅನಿಲ ಆಗುತ್ತದೆ. ಸುಣ್ಣದ ಕಲ್ಲು ಘನ, ಸುಣ್ಣವೂ ಘನ. ಕಲ್ಲು ಒಂದು ಬುಟ್ಟಿ ಇರಲಿ, ಒಂದು ಲಾರಿ ಇರಲಿ, ಅದರ ಕಾನ್ಸಂಟ್ರೇಶನ್ ಅಷ್ಟೇ, ಹಾಗಾಗಿ ಕೆ ಲೆಕ್ಕದೊಳಗೆ ಅವೆರಡೂ ಬರುವುದೇ ಇಲ್ಲ. ಉಳಿಯುವುದು ಕಾರ್ಬನ್ ಡೈ ಆಕ್ಸೈಡ್ ಒತ್ತಡ ಒಂದೇ. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟಾಗುತ್ತದೆ. ಭಟ್ಟಿಯನ್ನು ಪೂರ್ತಿ ಮುಚ್ಚಿ ಕಾಯಿಸಿದರೆ ಒತ್ತಡ ಅಷ್ಟಕ್ಕೆ ಬಂದು ಕ್ರಿಯೆ ನಿಂತುಬಿಡುತ್ತದೆ, ಕಲ್ಲು ಎಷ್ಟೇ ಇರಲಿ. ಹೊಗೆ ಹೋಗಲು ದಾರಿ ಇದ್ದರೆ ಮಾತ್ರ ಮುಂದೆ ಸಾಗುತ್ತದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲೂ ಸುಣ್ಣದ ಕಲ್ಲು ಬೇಯುವಾಗ ಗಾಳಿಯನ್ನು ಸತತ ಎಳೆದು ಹೊರಗೆ ಬಿಡುತ್ತಲೇ ಇರಬೇಕು. ಹಾಗೆ ಮಾಡಿದರೆ 100 ಕಿಲೋ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ (ಸುಣ್ಣದ ಕಲ್ಲಿನ ಮುಖ್ಯ ಅಂಶ) 56 ಕಿಲೋ ಸುಣ್ಣ ಸಿಗುತ್ತದೆ, ಉಳಿದ 44 ಕಿಲೋ ಕಾರ್ಬನ್ ಡೈ ಆಕ್ಸೈಡ್ ಆಗಿ ಚಿಮಣಿಯಿಂದ ಹೋಗುತ್ತದೆ.