ಸಿಲಿಂಡರ್ ಹೆಡ್‌ನಲ್ಲಿ ಮುರಿದುಳಿದ ಸ್ಟಡ್ ತೆಗೆಯಲು ಯಾವ ಎಕ್ಸ್‌ಟ್ರ್ಯಾಕ್ಟರ್ ಸೆಟ್ ಒಳ್ಳೆಯದು?

ಯಾವುದೂ ಬೇಡ. ಎಂಜಿನ್‌ನ ಹೊಗೆ ಹೊರಗೊಯ್ಯುವ ಕೊಳವೆಗಳ ಜೋಡಣೆಯಾದ ಮ್ಯಾನಿಫೋಲ್ಡ್ ಬಿಚ್ಚಲು ಹೋಗಿ ನೀವು ಈಗ ಸಿಕ್ಕಿಕೊಂಡಿರುವ ಜಾಗದಲ್ಲೇ ಆರು ವರ್ಷದ ಹಿಂದೆ ನಾನೂ ಇದ್ದೆ. ಅದನ್ನು ಹೆಡ್‌ಗೆ ಬಿಗಿಯುವ ಥ್ರೆಡ್ ಸರಳುಗಳಲ್ಲಿ, ಅಂದರೆ ಸ್ಟಡ್‌ಗಳಲ್ಲಿ, ಒಂದು ಸ್ವಲ್ಪ ಹೊರಗೆ ಚಾಚಿಕೊಂಡಿತ್ತು, ಇನ್ನೊಂದು ಹೆಡ್‌ನ ಮೈಗೆ ಸಮನಾಗಿ ಮುರಿದಿತ್ತು. ನಾನೂ, ಮುರಿದ ಸ್ಟಡ್‌ನಲ್ಲಿ ರಂಧ್ರ ಕೊರೆದು ತೂರಿಸಿ ತಿರುಗಿಸುವ ಎಕ್ಸ್‌ಟ್ರ್ಯಾಕ್ಟರ್ ಸೆಟ್ಟನ್ನೇ ಕೊಂಡು ತಂದೆ. ಒಂದು ಮಧ್ಯಾಹ್ನದಲ್ಲಿ ಮುಗಿಯಬೇಕಿದ್ದ ಕೆಲಸ ಮೂರು ವಾರ ಹಿಡಿಯಿತು.

ನನ್ನದು ನಾಲ್ಕು ಸಿಲಿಂಡರ್‌ಗಳ ಪೆಟ್ರೋಲ್ ಎಂಜಿನ್, ಅಲ್ಯೂಮಿನಿಯಂ ಹೆಡ್, ಎರಕದ ಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಬೆಳಿಗ್ಗೆ ಎಂಜಿನ್ ಶುರು ಮಾಡಿದೊಡನೆ ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತು, ಬಿಸಿಯಾದಂತೆ ನಿಂತುಹೋಗುತ್ತಿತ್ತು. ವಾಲ್ವ್ ಸದ್ದೆಂದುಕೊಂಡು ಬಹಳ ಕಾಲ ಸುಮ್ಮನಿದ್ದೆ. ಕೊನೆಗೆ ಬಗ್ಗಿ ನೋಡಿದರೆ ನಾಲ್ಕನೇ ಸಿಲಿಂಡರ್‌ನ ತುದಿಯ ಸ್ಟಡ್ ಯಾವಾಗಲೋ ತುಂಡಾಗಿ, ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್‌ನ ಅಂಚಿಗೆ ಮಸಿ ಹಿಡಿದಿತ್ತು. ಹೆಚ್ಚಾಗಿ ತುದಿಯ ಸ್ಟಡ್‌ಗಳೇ ಮುರಿಯುತ್ತವೆ. ಮ್ಯಾನಿಫೋಲ್ಡ್ ಕಾದಾಗ ಉದ್ದಕ್ಕೆ ಹಿಗ್ಗಿ, ಆರಿದಾಗ ಕುಗ್ಗುವ ಎಳೆದಾಟ ತುದಿಗಳಲ್ಲೇ ಹೆಚ್ಚು.

ಬಿಚ್ಚುವಾಗ ಅದರ ಪಕ್ಕದ್ದೂ ಮುರಿಯಿತು, ಆದರೆ ಹತ್ತು ಮಿಲಿಮೀಟರ್‌ನಷ್ಟು ಹೊರಗುಳಿಯಿತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಎರಡು ದಿನ ಬಿಟ್ಟು, ಎರಡು ನಟ್‌ಗಳನ್ನು ಒಂದಕ್ಕೊಂದು ಬಿಗಿದು, ಒಳಗಿನ ನಟ್‌ಗೆ ಸ್ಪ್ಯಾನರ್ ಕೊಟ್ಟು ತಿರುಗಿಸಿದೆ. ಬಂದುಬಿಟ್ಟಿತು. ಆ ಸಲೀಸೇ ನನಗೆ ಇಲ್ಲದ ಧೈರ್ಯ ತುಂಬಿತು.

ಸಮನಾಗಿ ಮುರಿದಿದ್ದ ಸ್ಟಡ್‌ಗೆ ಸೆಂಟರ್ ಪಂಚ್ ಹೊಡೆದು, 4 ಮಿಲಿಮೀಟರ್ ರಂಧ್ರ ಕೊರೆದು, ಎಕ್ಸ್‌ಟ್ರ್ಯಾಕ್ಟರ್ ತೂರಿಸಿ ಹಿಡಿ ತಿರುಗಿಸಿದೆ. ಅದು ಕಚ್ಚಿಕೊಂಡಿತು. ಇನ್ನಷ್ಟು ಬಲ ಕೊಟ್ಟಾಗ ಹಿಡಿ ಸ್ಪ್ರಿಂಗ್‌ನಂತೆ ಕೈಗೆ ಮರಳಿ ಬಂತು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಟಕ್ ಎಂದು ಎಕ್ಸ್‌ಟ್ರ್ಯಾಕ್ಟರ್ ಸ್ಟಡ್‌ನೊಳಗೇ ಮುರಿಯಿತು.

ಇದೇಕೆ ತಪ್ಪೆಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಪೆಟ್ಟಿಗೆಯ ಮೇಲೆ ಇದನ್ನು ಯಾರೂ ಬರೆದಿರುವುದಿಲ್ಲ. ದುಂಡನೆಯ ಸರಳೊಂದು ತಿರುಚುವಿಕೆಯನ್ನು ತಡೆಯುವ ಶಕ್ತಿ ಅದರ ವ್ಯಾಸದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ವ್ಯಾಸ ಅರ್ಧವಾದರೆ ಶಕ್ತಿ ಎಂಟರಲ್ಲಿ ಒಂದು ಪಾಲು. 8 ಮಿಲಿಮೀಟರ್ ಸ್ಟಡ್ಡೇ ಬಿಡಿಸಿಕೊಳ್ಳಲಾರದೆ ಮುರಿದಿರುವಾಗ, ಅದರೊಳಗೆ ಹೋಗುವ 4 ಮಿಲಿಮೀಟರ್ ಉಪಕರಣ ಗೆಲ್ಲುವುದು ಹೇಗೆ? ಉಪಕರಣದ ಉಕ್ಕು ಹೆಚ್ಚು ಗಟ್ಟಿಯೆಂಬುದು ನಿಜ, ಆದರೆ ಎಂಟು ಪಟ್ಟು ಗಟ್ಟಿಯಲ್ಲ. ಹದ ಕೊಟ್ಟ ಉಕ್ಕು ಬಾಗುವುದಿಲ್ಲ, ನೇರವಾಗಿ ಮುರಿಯುತ್ತದೆ. ಇದು ಸಾಲದೆಂಬಂತೆ ಎಕ್ಸ್‌ಟ್ರ್ಯಾಕ್ಟರ್ ಬೆಣೆಯಾಕಾರದ್ದು. ಒಳಗೆ ಇಳಿದಷ್ಟೂ ಕೊರೆದ ಸ್ಟಡ್‌ನ ತೆಳು ಗೋಡೆಯನ್ನು ಹೊರಕ್ಕೆ ತಳ್ಳಿ, ಹೆಡ್‌ನ ಥ್ರೆಡ್‌ಗೆ ಇನ್ನಷ್ಟು ಬಿಗಿಯಾಗಿ ಒತ್ತುತ್ತದೆ. ಬಿಡಿಸಲು ಹೊರಟ ನಾನು ಬಿಗಿಯುತ್ತಿದ್ದೆ. ತುಕ್ಕು ಹಿಡಿದು ಕಚ್ಚಿಕೊಂಡ ಸ್ಟಡ್‌ಗೆ ಅದು ಹೇಳಿ ಮಾಡಿಸಿದ್ದೇ ಅಲ್ಲ.

ಆಮೇಲೆ ಅರ್ಧ ಗಂಟೆ ಡ್ರಿಲ್ ಹಿಡಿದು ಹೋರಾಡಿದೆ. ಸಾಮಾನ್ಯ ಬಿಟ್ ಆ ಗಟ್ಟಿ ತುಂಡನ್ನು ಕೊರೆಯಲಾರದೆ ಪಕ್ಕಕ್ಕೆ ಜಾರಿ ಮೃದುವಾದ ಅಲ್ಯೂಮಿನಿಯಂ ಅನ್ನು ತಿಂದಿತು. ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿತು. ಹೆಡ್ ಇಳಿಸಿ, ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಯಂತ್ರವಿದ್ದ ವರ್ಕ್‌ಶಾಪ್‌ಗೆ ಒಯ್ದೆ. ಅವರು ತುಂಡನ್ನು ತೆಗೆದು, ಕೆಟ್ಟ ಭಾಗವನ್ನು ವೆಲ್ಡಿಂಗ್‌ನಿಂದ ತುಂಬಿಸಿ, ಹೊಸದಾಗಿ ಕೊರೆದು ಥ್ರೆಡ್ ಇನ್ಸರ್ಟ್ (ಹೊಸ ಥ್ರೆಡ್ ಕೊಡುವ ಲೋಹದ ಒಳತೋಳು) ಕೂರಿಸಿದರು. ಹೆಡ್ ಗ್ಯಾಸ್ಕೆಟ್, ಹೆಡ್ ಬೋಲ್ಟ್‌ಗಳು ಎಲ್ಲ ಹೊಸವು.

ನೀವು ಮಾಡಬೇಕಾದದ್ದು ವೆಲ್ಡಿಂಗ್. ಮುರಿದ ಸ್ಟಡ್‌ನ ತಲೆಯ ಮೇಲೆ ಮಿಗ್ ವೆಲ್ಡಿಂಗ್‌ನಿಂದ ಚುಕ್ಕೆ ಚುಕ್ಕೆಯಾಗಿ ಲೋಹ ಎಬ್ಬಿಸಿ, ಅದರ ಮೇಲೆ ಸ್ಟಡ್‌ಗಿಂತ ಒಂದು ಅಳತೆ ದೊಡ್ಡ ನಟ್ ಇಟ್ಟು, ನಟ್‌ನ ರಂಧ್ರದ ಒಳಗಿನಿಂದ ವೆಲ್ಡ್ ತುಂಬಿಸಿ. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಸರಿಯಾಗಿ ಕೂಡುವುದಿಲ್ಲ, ಆದ್ದರಿಂದ ಎಚ್ಚರದಿಂದ ಮಾಡಿದರೆ ಹೆಡ್‌ನ ಥ್ರೆಡ್ ಉಳಿಯುತ್ತದೆ. ನಟ್‌ಗಿಂತ ಮುಖ್ಯವಾದದ್ದು ಶಾಖ. ಕೆಂಪಗೆ ಕಾದ ಸ್ಟಡ್ ಹಿಗ್ಗಲು ಜಾಗವಿಲ್ಲದೆ ಅಮುಕಿಕೊಳ್ಳುತ್ತದೆ, ಆರುವಾಗ ಕುಗ್ಗಿ ತುಕ್ಕಿನ ಹಿಡಿತವನ್ನು ಬಿಡಿಸುತ್ತದೆ. ಕೆಂಪು ಹೋದ ಮೇಲೆ ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ಅಲುಗಿಸಿ. ನಟ್ ಕಳಚಿ ಬಂದರೆ ಗಾಬರಿ ಬೇಡ, ಇನ್ನೊಂದು ನಟ್ ಹಾಕಿ. ಪ್ರತಿ ಸಲ ಕಾದು ಆರಿದಾಗಲೂ ಹಿಡಿತ ಸಡಿಲವಾಗುತ್ತದೆ. ವೆಲ್ಡಿಂಗ್ ಬಾರದಿದ್ದರೆ ಬಲ್ಲವರನ್ನು ಕಾರಿನ ಬಳಿಗೇ ಕರೆಸಿ. ಹೆಡ್ ಇಳಿಸುವುದಕ್ಕಿಂತ ಅದು ಎಷ್ಟೋ ಅಗ್ಗ.

ವೆಲ್ಡ್ ಮಾಡುವ ಮೊದಲು ಬ್ಯಾಟರಿಯ ತಂತಿ ಕಳಚಿ, ಎಣ್ಣೆ ಒರೆಸಿ, ಪೆಟ್ರೋಲ್ ಪೈಪುಗಳನ್ನು ಮರೆಮಾಡಿ, ಬೆಂಕಿ ಆರಿಸುವ ಸಾಧನ ಪಕ್ಕದಲ್ಲಿಟ್ಟುಕೊಳ್ಳಿ. ಒಂದು ಮಾತನ್ನಂತೂ ಮರೆಯಬೇಡಿ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಆ ಜಾಗ ತೊಳೆಯಬೇಡಿ. ವೆಲ್ಡಿಂಗ್‌ನ ಶಾಖಕ್ಕೆ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಅದು ಪ್ರಾಣ ತೆಗೆಯಬಲ್ಲದು.

ಒಂದು ಸ್ಟಡ್ ಇಲ್ಲದೆಯೂ ಓಡಿಸಬಹುದೇ ಎಂದೂ ಕೇಳಿದ್ದೀರಿ. ಓಡುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಭಾರ ಪಕ್ಕದ ಸ್ಟಡ್‌ಗಳ ಮೇಲೆ ಬೀಳುತ್ತದೆ. ಸೋರುವ ಜಾಗದಿಂದ ಹೊರಗಿನ ಗಾಳಿ ಒಳಸೇರಿದರೆ ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ಸೆನ್ಸರ್ ದಾರಿ ತಪ್ಪಿ, ಎಂಜಿನ್ ಬೇಡದ ಪೆಟ್ರೋಲ್ ಕುಡಿಯುತ್ತದೆ.

ಹೊಸ ಸ್ಟಡ್ ಹಾಕುವ ಮೊದಲು ಮ್ಯಾನಿಫೋಲ್ಡ್‌ನ ಮುಖಕ್ಕೆ ನೇರ ಪಟ್ಟಿ ಇಟ್ಟು ನೋಡಿ. ಸೊಟ್ಟಗಾಗಿದ್ದರೆ ಮಟ್ಟ ಮಾಡಿಸದೆ ಕೂರಿಸಬೇಡಿ. ಇಲ್ಲದಿದ್ದರೆ ಹೊಸ ಸ್ಟಡ್‌ಗಳೂ ಮುರಿಯುತ್ತವೆ. ಸಮನಾಗಿ ಮುರಿದ ಸ್ಟಡ್ ನಿಜಕ್ಕೂ ಸಮನಾಗಿದೆಯೇ, ಒಳಕ್ಕೆ ಇಳಿದಿದೆಯೇ ಎಂದು ಅಳೆದು ತಿಳಿಸಿ. ತುಂಬಾ ಆಳವಿದ್ದರೆ ವೆಲ್ಡ್ ಎಬ್ಬಿಸುವ ಕ್ರಮ ಸ್ವಲ್ಪ ಬೇರೆ, ಅದನ್ನೂ ಬರೆಯುತ್ತೇನೆ. ಅಲ್ಲಿಯವರೆಗೆ ಡ್ರಿಲ್ ಮುಟ್ಟಬೇಡಿ.