ದಯವಿಟ್ಟು ಆ ಸೂಜಿ ಕೆಳಗಿಡಿ

ಪ್ರಶ್ನೆ: ತಾತ ಕೆಲಸಕ್ಕಿದ್ದ ಕಾಫಿ ಎಸ್ಟೇಟಿನ ದೊರೆ ಕೊಟ್ಟುಹೋದ ಇಂಗ್ಲೆಂಡಿನ ಶೆಫೀಲ್ಡ್ ಚಾಕುಗಳು ನಮ್ಮಲ್ಲಿವೆ. ಬಿಳಿ ಹಿಡಿ. ಕಾಯಿಸಿದ ಸೂಜಿ ಚುಚ್ಚಿದರೆ ಆನೆದಂತವೋ ಅಲ್ಲವೋ ಗೊತ್ತಾಗುತ್ತದಂತೆ, ಹೌದಾ?

ಈ ಪ್ರಶ್ನೆ ಬರದ ತಿಂಗಳಿಲ್ಲ. ಬರೆದವರಲ್ಲಿ ಅರ್ಧ ಜನ ಆಗಲೇ ಚುಚ್ಚಿ ಆಗಿರುತ್ತದೆ. ದಂತಕ್ಕೂ ಮೂಳೆಗೂ ಬಿಸಿ ತಾಗಿದರೆ ಒಂದೇ ಥರ ಕೂದಲು ಸುಟ್ಟ ವಾಸನೆ, ಹಾಗಾಗಿ ಎರಡರಲ್ಲಿ ಯಾವುದು ಅಂತ ಸೂಜಿಯಿಂದ ತಿಳಿಯುವುದಿಲ್ಲ. ದಂತದ ಹಾಗೆ ಕಾಣುವ ಹಳೇ ಪ್ಲಾಸ್ಟಿಕ್ಕು, ಸೆಲ್ಯುಲಾಯ್ಡ್, ಆಗಿದ್ದರೆ ಭಗ್ ಅಂತ ಹೊತ್ತಿಕೊಳ್ಳಬಹುದು. ಕೆಲಸ ಕಲಿಯುವಾಗ ನಾನೂ ಒಮ್ಮೆ ಚುಚ್ಚಿದ್ದೆ. ಹುಬ್ಬೂ ಹೋಯಿತು, ಚಾಕುವೂ ಹೋಯಿತು.

ಒಂದು ಲೆನ್ಸ್ ಸಾಕು. ಹಿಡಿಯ ತುದಿ ನೋಡಿ. ದಂತವಾದರೆ ಒಂದರ ಮೇಲೊಂದು ಹಾಯ್ದ ಬಾಗಿದ ಸಣ್ಣ ಗೆರೆಗಳು ಜಾಲರಿಯ ಹಾಗೆ ಕಾಣುತ್ತವೆ, ಶ್ರೇಗರ್ ಗೆರೆ ಅನ್ನುತ್ತಾರೆ. ಮೂಳೆಯಾದರೆ ರಕ್ತನಾಳ ಇದ್ದ ಜಾಗದಲ್ಲಿ ಚುಕ್ಕಿ, ಪಕ್ಕದಿಂದ ನೋಡಿದರೆ ಕೊಳೆ ತುಂಬಿದ ಕಪ್ಪು ಗೀರು. ಸೆಲ್ಯುಲಾಯ್ಡಿನಲ್ಲಿ ಸ್ಕೇಲ್ ಇಟ್ಟು ಎಳೆದಂಥ ನೇರ ಗೆರೆ, ಜಾಲರಿ ಇಲ್ಲವೇ ಇಲ್ಲ. ಅನುಮಾನ ಇದ್ದರೆ ಹೆಬ್ಬೆರಳಿನಿಂದ ಬಿಸಿಯಾಗುವವರೆಗೆ ಉಜ್ಜಿ ಮೂಸಿ. ಸೆಲ್ಯುಲಾಯ್ಡ್ ಮೆತ್ತಗಾಗಲು ಕರ್ಪೂರ ಹಾಕುತ್ತಿದ್ದರು, ದಿನಾ ಮಂಗಳಾರತಿ ತಗೊಳ್ಳುವ ಮೂಗಿಗೆ ಅದನ್ನು ಹೇಳಿಕೊಡಬೇಕಾ? ಅದೇ ಅಂತಾದರೆ ಬೇರೆ ಪೆಟ್ಟಿಗೆಯಲ್ಲಿಡಿ, ಹಳೆಯದಾದಂತೆ ಅದು ಬಿಡುವ ಆಮ್ಲದ ಹಬೆಗೆ ಪಕ್ಕದ ಬ್ಲೇಡಿಗೂ ತುಕ್ಕು.

ಬ್ಲೇಡಿನ ಮೇಲೆ ಜೋಸೆಫ್ ರಾಜರ್ಸ್ ಅಂತಿದೆ, ಹಾಗಾದರೆ ದಂತವೇ ಅಲ್ವಾ ಅನ್ನುವವರೂ ಇದ್ದಾರೆ. ಶೆಫೀಲ್ಡಿನ ಆ ಚಾಕು ಕಂಪನಿಯಲ್ಲಿ ದಂತ ಪೇರಿಸಿಡುವ ಕೋಣೆಯೇ ಇತ್ತು, ನಿಜ. ಕೊಂಬಿನ ಹಿಡಿಯನ್ನೂ ಅವರು ಹಾಕುತ್ತಿದ್ದರು. (ಶೆಫೀಲ್ಡಿನವರ 'ಇಂಡಿಯಾ ಸ್ಟ್ಯಾಗ್' ನಮ್ಮ ಕಡವೆಯ ಕೊಂಬು.) ಮುದ್ರೆ ಇರುವುದು ಬ್ಲೇಡಿಗೆ.

ದಂತವೇ ಆದರೆ ಬಿಸಿನೀರಿಗೆ ಹಾಕಬೇಡಿ. ದಂತ ಸೀಳುತ್ತದೆ, ಅದೂ ಅಲ್ಲದೆ ಹಳೆಯ ಕುಶಲಕರ್ಮಿಗಳು ಎಷ್ಟೋ ಹಿಡಿಗಳ ಒಳಗೆ ಬ್ಲೇಡಿನ ಬಾಲವನ್ನು ರಾಳಕ್ಕೆ ಇಟ್ಟಿಗೆ ಪುಡಿ ಬೆರೆಸಿ ಕೂರಿಸಿದ್ದಾರೆ, ಬಿಸಿಗೆ ರಾಳ ಮೆತ್ತಗಾಗಿ ಬ್ಲೇಡ್ ಕಳಚಿ ಕೈಗೆ ಬರುತ್ತದೆ. ನಿಂಬೆರಸ ಹಚ್ಚಿದರೆ ಬೆಳ್ಳಗಾಗುತ್ತದೆ ಅನ್ನುವ 'ಆಂಟಿಕ್ ತಜ್ಞ'ರನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಹುಳಿ ದಂತವನ್ನು ತಿನ್ನುತ್ತದೆ. ಮಾರಲು ಹೊರಟಿದ್ದರೆ ಮೊದಲು 1972ರ ವನ್ಯಜೀವಿ ಕಾಯ್ದೆ ನೆನಪಿರಲಿ. ತಾತನ ಕಾಲದ್ದು ಅಂದರೆ ಬಿಡುವುದಿಲ್ಲ. ಅರಣ್ಯ ಇಲಾಖೆಯಲ್ಲಿ ಕೇಳಿ, ನನ್ನನ್ನಲ್ಲ.

ಪ್ರಶ್ನೆ: ಫೋರ್ಕಿನ ಮೇಲೆ 'ಇಪಿಎನ್‌ಎಸ್' ಅಂತಿದೆ. ಕರಗಿಸಿದರೆ ಎಷ್ಟು ಬೆಳ್ಳಿ ಸಿಗುತ್ತದೆ?

ಸುಮ್ನೆ ಸೌದೆ ಖರ್ಚು. ಇಪಿಎನ್‌ಎಸ್ ಅಂದರೆ ನಿಕಲ್ ಸಿಲ್ವರ್ ಮೇಲೆ ವಿದ್ಯುತ್ತಿನಿಂದ ಹಾಕಿದ ಬೆಳ್ಳಿ ಲೇಪ. ಬೆಳ್ಳಿ ಇರುವುದು ಮೇಲಿನ ತೆಳು ಪೊರೆಯಲ್ಲಿ ಮಾತ್ರ. ಒಳಗಿನ ನಿಕಲ್ ಸಿಲ್ವರ್ ಅಂದರೆ ತಾಮ್ರ, ನಿಕಲ್, ಸತು.

ಪ್ರಶ್ನೆ: ಮುತ್ತಿನಚಿಪ್ಪಿನ ಹಿಡಿಯ ಹಣ್ಣಿನ ಚಾಕುವಿಗೆ ಬೆಳ್ಳಿ ಬ್ಲೇಡ್ ಯಾಕೆ? ಆರೋಗ್ಯಕ್ಕಾ?

ಆರೋಗ್ಯ ಎಂಥದ್ದು! 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಸ್ಟೇನ್‌ಲೆಸ್ ಸ್ಟೀಲ್ ಮಾಡುವ ಮೊದಲು, ಹಣ್ಣಿನ ಹುಳಿಗೆ ಉಕ್ಕು ಕಪ್ಪಾಗಿ ಹಣ್ಣಿಗೂ ಕಬ್ಬಿಣದ ರುಚಿ ಹತ್ತುತ್ತಿತ್ತು.

ಪ್ರಶ್ನೆ: ಇವನ್ನೆಲ್ಲ ಡಿಶ್‌ವಾಷರ್‌ಗೆ ಹಾಕಬಹುದಾ?

ಮೇಲೆ ಓದಿ.