ಪರ್ಷಿಯನ್ ಬೆಕ್ಕು ಮತ್ತು ನಮ್ಮ ಬಿಸಿಲು

ಪ್ರಶ್ನೆ: ಮಗಳ ಹಟಕ್ಕೆ ಪರ್ಷಿಯನ್ ಬೆಕ್ಕಿನ ಮರಿ ತಂದಿದ್ದೇವೆ. ಈಗ ಐದು ತಿಂಗಳು. ಎಷ್ಟು ವರ್ಷ ಬದುಕುತ್ತದೆ? ಬೇಸಿಗೆಗೆ ಕೂದಲು ಬೋಳಿಸಬಹುದೇ? ಹಾಲು ಅನ್ನ ಸಾಕೇ?
– ಓದುಗರು, ಸಿಂಧನೂರು

ಉತ್ತರ: ಚೆನ್ನಾಗಿ ನೋಡಿಕೊಂಡರೆ 12ರಿಂದ 15 ವರ್ಷ. ಈ ತಳಿಯ ಬೆಳವಣಿಗೆ ನಿಧಾನ, ಮೈ ತುಂಬಿಕೊಳ್ಳಲು ಎರಡು ವರ್ಷ ಹಿಡಿಯುತ್ತದೆ.

ನನ್ನ ಚಿಂತೆಯೆಲ್ಲ ಬಿಸಿಲಿನದು. ಮೇ ತಿಂಗಳಲ್ಲಿ ನಮ್ಮ ರಾಯಚೂರು ಜಿಲ್ಲೆ 40 ಡಿಗ್ರಿ ದಾಟುತ್ತದೆ. ಚಪ್ಪಟೆ ಮೂಗಿನ ಈ ಜೀವಕ್ಕೆ ಉಸಿರಾಡುವುದೇ ಕಷ್ಟ. ತಗಡಿನ ಕೋಣೆಯಲ್ಲಿ ಬಿಡಲೇಬೇಡಿ. ಕಲ್ಲಿನ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ ಫ್ಯಾನ್ ಹಾಕಿ, ಅಲ್ಲೇ ಮಲಗುತ್ತದೆ. ಬಾಯಿ ತೆರೆದು ಏದುಸಿರು ಬಿಟ್ಟರೆ ತಡಮಾಡದೆ ಪಶುವೈದ್ಯರ ಬಳಿ ಒಯ್ಯಿರಿ.

ಕೂದಲು ಪೂರ್ತಿ ಬೋಳಿಸಿದರೆ ಚರ್ಮ ಬಿಸಿಲಿಗೆ ಸುಡುತ್ತದೆ. ಅದರ ಬದಲು ದಿನವೂ ಬಾಚಿ, ಕಂಕುಳನ್ನು ಮರೆಯಬೇಡಿ. ನನ್ನ ಬಳಿ ತಂದ ಒಂದು ಬೆಕ್ಕಿಗೆ ಅಲ್ಲಿ ಕೂದಲು ಗಂಟುಕಟ್ಟಿ, ಅಡಿಯಲ್ಲಿ ಹುಣ್ಣಾಗಿತ್ತು. ಕತ್ತರಿಸುವಾಗ ಅದು ನರಳಿದ್ದು ಇನ್ನೂ ನೆನಪಿದೆ. ಕಣ್ಣೀರಿನ ಕಲೆಯನ್ನೂ ದಿನಾ ಒದ್ದೆ ಹತ್ತಿಯಿಂದ ಒರೆಸಿ.

ಹಾಲು ಅನ್ನ ಸಾಲದು. ಬೆಕ್ಕು ಮಾಂಸಾಹಾರಿ, ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳಾಗುವ ಕಾಯಿಲೆ ಈ ತಳಿಯಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ವರ್ಷ ತುಂಬಿದ ಮೇಲೆ ಒಮ್ಮೆ ಸ್ಕ್ಯಾನ್ ಮಾಡಿಸಿ.